ಆರ್12 ಯಾಕೆ ಸುಡುತ್ತಿತ್ತು: ಹಳೇ ಆಂಪ್ಲಿಫೈಯರ್ ಒಂದರ ರಿಪೇರಿ ಡೈರಿ

ಚಿಕ್ಕಪ್ಪನ ಹಳೇ ಸ್ಟೀರಿಯೋ ಆಂಪ್ಲಿಫೈಯರ್ ಕೊನೆಗೂ ಹಾಡುತ್ತಿದೆ. ಸುಟ್ಟು ಕಾಣಿಸಿದ್ದು ಒಂದೇ ಒಂದು ರೆಸಿಸ್ಟರ್ (ಕರೆಂಟ್ ಹರಿಯುವುದನ್ನು ತಡೆಯುವ ಸಣ್ಣ ಕಡ್ಡಿಯಂಥ ಪಾರ್ಟ್), ಬೋರ್ಡ್ ಮೇಲೆ ಅದರ ಹೆಸರು ಆರ್12. ಅರ್ಧ ಗಂಟೆ ಕೆಲಸ ಅಂದುಕೊಂಡು ಕೂತೆ, ಎರಡು ಶನಿವಾರ-ಭಾನುವಾರ ಹಿಡಿಯಿತು. ಕೆಲಸ ಮಾಡುವಾಗ ಗೀಚಿಕೊಂಡಿದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ನಾನು ಮಾಡಿದ ದಡ್ಡತನಗಳನ್ನೂ ಬಿಟ್ಟಿಲ್ಲ, ಯಾಕೆಂದರೆ ಈ ಕೆಲಸದ ಮುಕ್ಕಾಲು ಪಾಲು ಅದೇ.

ಮೊದಲ ಶನಿವಾರ, ಬೆಳಿಗ್ಗೆ

ತಕರಾರು: ಆನ್ ಮಾಡಿದರೆ ದೀಪ ಹತ್ತುತ್ತದೆ. ಎರಡೂ ಸ್ಪೀಕರ್‌ನಲ್ಲಿ ಸಣ್ಣಗೆ ಗುಂಯ್ ಅನ್ನುತ್ತದೆ. ಹಾಡು ಬರಲ್ಲ.

ಮುಚ್ಚಳ ತೆಗೆಯುವ ಮುಂಚೆ ಹಿಂಭಾಗಕ್ಕೆ ಟಾರ್ಚ್ ಹಿಡಿದು ನೋಡಿದೆ. ಧೂಳಿನ ನಡುವೆ '220' ಅಂತ ಕಾಣಿಸಿತು. ಪುಸ್ತಕದಲ್ಲಿ ಬರೆದುಕೊಂಡೆ: 220 ವೋಲ್ಟ್ ಸೆಟ್. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಇದಕ್ಕೆ ವಾಪಸ್ ಬರಬೇಕು.

ಒಳಗೆ ಕೈ ಹಾಕುವ ಮುಂಚೆ, ಕರೆಂಟ್ ತುಂಬಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ಗಳನ್ನು ಖಾಲಿ ಮಾಡಬೇಕು. ತಲಾ 4700 ಮೈಕ್ರೋಫ್ಯಾರಡ್‌ನ ಎರಡು ಡಬ್ಬಿಗಳಿವೆ. 100 ಓಮ್, 5 ವ್ಯಾಟ್‌ನ (ಓಮ್ ಅಂದರೆ ತಡೆಯ ಅಳತೆ, ವ್ಯಾಟ್ ಅಂದರೆ ಅದು ತಾಳುವ ಶಾಖ) ಸಿಮೆಂಟ್ ರೆಸಿಸ್ಟರ್‌ಗೆ ಎರಡು ಕ್ಲಿಪ್ ವೈರ್ ಬೆಸೆದು ಇಟ್ಟುಕೊಂಡಿದ್ದೇನೆ, ಅದನ್ನು ಹಚ್ಚಿ ಒಂದು ಐದು ಸೆಕೆಂಡ್ ಬಿಡುವುದು. 35 ವೋಲ್ಟ್ ತುಂಬಿದ್ದರೆ ಮೊದಲ ಕ್ಷಣದಲ್ಲಿ ಆ ರೆಸಿಸ್ಟರ್ ಮೇಲೆ ಬೀಳುವುದು 12 ವ್ಯಾಟ್. ಬರೆದಿರುವುದು 5. ಆದರೂ ಅದು ಬೆಚ್ಚಗೆ ಕೂಡ ಆಗಲ್ಲ. ಅರ್ಧ ಸೆಕೆಂಡಿನಲ್ಲಿ ಮುಕ್ಕಾಲುವಾಸಿ ಖಾಲಿ ಆಗಿರುತ್ತದೆ, ಒಟ್ಟು ಶಾಖ ಮೂರು ಜೌಲ್‌ನಷ್ಟು. ರೆಸಿಸ್ಟರ್ ಸುಡಬೇಕಾದರೆ ವ್ಯಾಟ್ ಜಾಸ್ತಿ ಇದ್ದರೆ ಸಾಲದು, ಅದು ಅಲ್ಲೇ ಕೂತಿರಬೇಕು.

ಮೀಟರ್‌ನಲ್ಲಿ ಸೊನ್ನೆ ನೋಡಿಕೊಂಡು ಬೋರ್ಡ್‌ಗೆ ಬಂದೆ. ಹುಡುಕುವ ಕಷ್ಟವೇ ಇರಲಿಲ್ಲ. ಆರ್12 ಅಂತ ಅಚ್ಚಾಗಿರುವ ಜಾಗದಲ್ಲಿ ಒಂದು ಕರೀ ಕಡ್ಡಿ. ಅದರ ಕೆಳಗೆ ಕಂದು ಕಾಗದದ ಬೋರ್ಡ್ ದೊಡ್ಡ ನಾಣ್ಯದಷ್ಟು ಅಗಲ ಇದ್ದಿಲಾಗಿತ್ತು. ಪಕ್ಕದಲ್ಲಿ '+35' ಅಂತ ಅಚ್ಚು. ತಾಮ್ರದ ದಾರಿ ಹಿಡಿದು ಹೋದರೆ ವಿಷಯ ಸರಳ: ದೊಡ್ಡ ಕೆಪಾಸಿಟರ್‌ನಿಂದ 35 ವೋಲ್ಟ್, ಆರ್12 ಮೂಲಕ 15 ವೋಲ್ಟ್‌ನ ಜೀನರ್‌ಗೆ (ವೋಲ್ಟೇಜನ್ನು 15ಕ್ಕೇ ಹಿಡಿದು ನಿಲ್ಲಿಸುವ ಡಯೋಡ್), ಅಲ್ಲಿಂದ ಪ್ರೀಆಂಪ್‌ನ (ಹಾಡಿನ ಸಣ್ಣ ಸಿಗ್ನಲ್ಲನ್ನು ಮೊದಲು ದೊಡ್ಡದು ಮಾಡುವ ಭಾಗ) ಎರಡು ಟಿಎಲ್072 ಚಿಪ್‌ಗಳಿಗೆ. ಆರ್12 ಕಿತ್ತುಹೋಗಿದ್ದರಿಂದ ಚಿಪ್‌ಗಳಿಗೆ ಪ್ಲಸ್ 15 ಇಲ್ಲ, ಅದಕ್ಕೇ ಹಾಡಿಲ್ಲ.

ಸುಟ್ಟದ್ದನ್ನು ಕಿತ್ತೆ. ಎಷ್ಟು ಓಮ್ ಅಂತ ಹೇಳುವ ಬಣ್ಣದ ಪಟ್ಟಿಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ನೀಲಿ ಇರಬಹುದು ಅನ್ನುವಂಥ ಒಂದು ಪಟ್ಟಿ, ಬೂದು, ಕಪ್ಪು. ನೀಲಿ-ಬೂದು-ಕಪ್ಪು ಅಂದರೆ 68 ಓಮ್. ಡಬ್ಬಿಯಲ್ಲಿ 68 ಓಮ್‌ನ ಅರ್ಧ ವ್ಯಾಟ್ ಇತ್ತು, ಬೆಸೆದೆ.

ಆನ್ ಮಾಡಿದೆ. ಮೂರು ಸೆಕೆಂಡ್.

ಮೊದಲು ಪಟ್ಟಿಗಳ ಮೇಲೆ ಬಣ್ಣ ಗುಳ್ಳೆ ಎದ್ದಿತು. ಆಮೇಲೆ ನಡುಭಾಗದಲ್ಲಿ ಕೂದಲೆಳೆಯಂಥ ಒಂದು ಕೆಂಪು ಗೆರೆ, ಸುರುಳಿಯಾಗಿ ಸುತ್ತಿಕೊಂಡಂತೆ ಹೊಳೆಯಿತು. ನೋಡಲು ಚೆನ್ನಾಗಿತ್ತು ಅಂತ ಒಪ್ಪಿಕೊಳ್ಳಬೇಕು. ಟಪ್ ಅಂತ ಸದ್ದು, ಒಂದು ಎಳೆ ಬಿಳಿ ಹೊಗೆ. ಸ್ವಿಚ್ ಆರಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು. ಒಳಗಿನಿಂದ ಅಮ್ಮನ ದನಿ: "ಏನೋ ಅದು ವಾಸನೆ? ಮನೆ ಸುಡ್ಬೇಡ ಮಾರಾಯ."

ಅದೇ ದಿನ, ಮಧ್ಯಾಹ್ನ: 68 ಎಲ್ಲಿಂದ ಬಂತು

ಆಗ ಕೂತು ಲೆಕ್ಕ ಹಾಕಿದೆ. ಮುಂಚೆಯೇ ಹಾಕಬೇಕಿತ್ತು. ಒಂದು ಕಡೆ 35, ಇನ್ನೊಂದು ಕಡೆ 15. ರೆಸಿಸ್ಟರ್ ಮೇಲೆ ನಿಲ್ಲುವುದು 20 ವೋಲ್ಟ್. ವೋಲ್ಟ್ × ವೋಲ್ಟ್ ÷ ಓಮ್ ಅಂದರೆ ವ್ಯಾಟ್: 20 × 20 ÷ 68 = 5.9 ವ್ಯಾಟ್. ಅರ್ಧ ವ್ಯಾಟ್‌ನದಕ್ಕೆ ಹನ್ನೆರಡು ಪಟ್ಟು. ಇಂಥ ಜಾಗದಲ್ಲಿ 68 ಓಮ್ ಯಾರೂ ಹಾಕಲ್ಲ.

ಪಟ್ಟಿ ಓದುವಾಗ ಆದ ತಪ್ಪು ಇದು: ಕಂದು ಪಟ್ಟಿ ಸುಟ್ಟರೆ ಕಪ್ಪಾಗಿ ಕಾಣುತ್ತದೆ. ನೀಲಿ-ಬೂದು-ಕಂದು ಅಂದರೆ 680. ಒಂದು ಪಟ್ಟಿಯ ಮಸಿ, ಓಮ್‌ನಲ್ಲಿ ಹತ್ತು ಪಟ್ಟು ವ್ಯತ್ಯಾಸ. ಕೆಂಪು ಸುಟ್ಟು ಕಂದಾಗುವುದು, ಕಿತ್ತಳೆ ಸುಟ್ಟು ಕೆಂಪಾಗುವುದು ಕೂಡ ಹೀಗೇ. ಸುಟ್ಟ ರೆಸಿಸ್ಟರ್‌ನ ಮೂರನೇ ಪಟ್ಟಿಯನ್ನು ನಂಬಬಾರದು ಅಂತ ಪುಸ್ತಕದಲ್ಲಿ ಎರಡು ಗೆರೆ ಎಳೆದು ಬರೆದುಕೊಂಡೆ.

ಖಾತ್ರಿ ಮಾಡಿಕೊಳ್ಳಲು ಎರಡು ದಾರಿ ನನ್ನ ಕಣ್ಣೆದುರೇ ಇದ್ದವು.

ಒಂದು, ಕಸದ ಬುಟ್ಟಿಯಲ್ಲಿದ್ದ ಮೂಲ ರೆಸಿಸ್ಟರ್. ಅದನ್ನು ಎತ್ತಿಕೊಂಡು ಬ್ಲೇಡ್‌ನಿಂದ ಮೇಲಿನ ಬಣ್ಣ ಕೆರೆದೆ. ಒಳಗೆ ಬಿಳೀ ಸೆರಾಮಿಕ್ ಕಡ್ಡಿ, ಅದರ ಮೇಲೆ ತೆಳುವಾದ ಕಾರ್ಬನ್ ಪದರ, ಅದರಲ್ಲಿ ಸ್ಕ್ರೂ ಮರೆಯಂತೆ ಕೊರೆದ ಗೆರೆ. ಸರಿಯಾಗಿ ನಡುವೆ ಪದರ ಹಾರಿಹೋಗಿ ಒಂದು ಕುಳಿ. ಶಾಖ ಕಾಲುಗಳ ಕಡೆಯಿಂದ ಬೋರ್ಡ್‌ಗೆ ಇಳಿದುಹೋಗುತ್ತದೆ, ಹಾಗಾಗಿ ನಡುಭಾಗವೇ ಮೊದಲು ಸುಡುವುದು. ಮೀಟರ್‌ನ ಒಂದು ತುದಿಯನ್ನು ಕಾಲಿಗೆ, ಇನ್ನೊಂದನ್ನು ಕುಳಿಯ ಅಂಚಿಗೆ ಒತ್ತಿದೆ: 310 ಓಮ್. ಇನ್ನೊಂದು ಕಡೆಯಿಂದ: 340. ಕೂಡಿಸಿದರೆ 650, ಹಾರಿಹೋದ ಚೂರು ಲೆಕ್ಕಕ್ಕಿಲ್ಲ. 68 ಆಗಿರಲು ಸಾಧ್ಯವೇ ಇಲ್ಲ.

ಇನ್ನೊಂದು ಇನ್ನೂ ಸುಲಭ. ಪ್ಲಸ್ 15 ಇದ್ದ ಮೇಲೆ ಮೈನಸ್ 15 ಇರಲೇಬೇಕಲ್ವಾ? ಅದಕ್ಕೂ ಇಂಥದೇ ಒಂದು ರೆಸಿಸ್ಟರ್, ಆರ್13, ನಾಲ್ಕು ಬೆರಳು ಆಚೆ ಚೆನ್ನಾಗಿಯೇ ಕೂತಿತ್ತು. ನೀಲಿ, ಬೂದು, ಕಂದು, ಚಿನ್ನ. ಒಂದು ಕಾಲು ಎತ್ತಿ ಅಳೆದೆ: 684 ಓಮ್. ಗಾತ್ರ ನೋಡಿದರೆ ಒಂದು ವ್ಯಾಟ್. ಇದನ್ನು ಮೊದಲೇ ನೋಡಿದ್ದರೆ ಬೆಳಗಿನ ಹೊಗೆ ತಪ್ಪುತ್ತಿತ್ತು.

ಮೊದಲ ಭಾನುವಾರ: ಎರಡನೇ ಹೊಗೆ

680 ಓಮ್‌ಗೆ ಲೆಕ್ಕ: 20 × 20 ÷ 680 = 0.59 ವ್ಯಾಟ್. ನನ್ನ ಹತ್ತಿರ ಒಂದು ವ್ಯಾಟ್‌ನದು ಇರಲಿಲ್ಲ, ಅರ್ಧ ವ್ಯಾಟ್‌ನದು ಇತ್ತು. ಒಂದೆರಡು ನಿಮಿಷ ಚೆಕ್ ಮಾಡೋಕೆ ಸಾಕು ಅಂತ ಹಾಕಿದೆ. ಇದು ತಪ್ಪಲ್ಲ, 0.59 ವ್ಯಾಟ್‌ಗೆ ಅರ್ಧ ವ್ಯಾಟ್‌ನದು ಬಿಸಿಯಾಗುತ್ತದೆ ಅಷ್ಟೇ, ಕೂಡಲೇ ಸುಡಲ್ಲ.

ಈ ಸಲ ಹುಷಾರಾಗಿ ಸೀರೀಸ್ ಬಲ್ಬ್ ಬೋರ್ಡ್ ಕೂಡ ತಂದೆ. 60 ವ್ಯಾಟ್‌ನ ಫಿಲಮೆಂಟ್ ಬಲ್ಬು ಮೇನ್ಸ್‌ಗೂ ಸೆಟ್ಟಿಗೂ ನಡುವೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿದು ಸೆಟ್ ಉಳಿಯುತ್ತದೆ. ಆನ್ ಮಾಡಿದೆ. ಬಲ್ಬು ಒಮ್ಮೆ ಮಿಂಚಿ ಆರಿತು. ಎಲ್ಲ ಸರಿ ಇದೆ ಅಂತ ಬಲ್ಬು ಹೇಳುತ್ತಿತ್ತು. ಧೈರ್ಯ ಬಂದು ಬಲ್ಬು ತೆಗೆದು ನೇರವಾಗಿ ಕೊಟ್ಟೆ.

ಹದಿನೈದು ಸೆಕೆಂಡಿಗೆ ರೆಸಿಸ್ಟರ್ ಕಂದಾಯಿತು. ಹೊಗೆ ಏಳುವ ಹೊತ್ತಿಗೆ ಆರಿಸಿದೆ. ತಣ್ಣಗಾದ ಮೇಲೆ ಕಿತ್ತು ಅಳೆದರೆ 731 ಓಮ್. ಬದುಕಿದೆ, ಆದರೆ ಓಮ್ ಬದಲಾಗಿದೆ. ಒಮ್ಮೆ ಹೀಗೆ ಬೆಂದ ರೆಸಿಸ್ಟರ್ ಅನ್ನು ವಾಪಸ್ ಡಬ್ಬಿಗೆ ಹಾಕಬಾರದು, ಎಸೆದೆ.

ಸಣ್ಣ ರೆಸಿಸ್ಟರ್‌ಗಳ ವಿಷಯದಲ್ಲಿ ಸೀರೀಸ್ ಬಲ್ಬು ಏನೂ ಸಹಾಯ ಮಾಡಲ್ಲ ಅಂತ ಆಗ ತಿಳಿಯಿತು. ಆರ್12ನ ಆಚೆ ತುದಿ ಪೂರ್ತಿ ಶಾರ್ಟ್ ಆಗಿದ್ದರೂ ಅದರಲ್ಲಿ ಹರಿಯುವುದು ಐವತ್ತು ಚಿಲ್ಲರೆ ಮಿಲಿಆಂಪ್. ಎರಡು ವ್ಯಾಟ್. 60 ವ್ಯಾಟ್‌ನ ಬಲ್ಬಿಗೆ ಅದು ಗೊತ್ತೇ ಆಗಲ್ಲ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಇದ್ದರೆ ಹೇಳುತ್ತಿತ್ತು.

ಸಂಜೆ ಗೆಳೆಯನಿಗೆ ಫೋನ್ ಮಾಡಿದೆ. ಟಿವಿ ರಿಪೇರಿಯಲ್ಲಿ ಪಳಗಿದವನು. ಕಥೆಯೆಲ್ಲ ಕೇಳಿ ಒಂದೇ ಮಾತು ಕೇಳಿದ: "ಆ ರೆಸಿಸ್ಟರಿನ ಎರಡೂ ತುದೀಲಿ ಎಷ್ಟೆಷ್ಟು ವೋಲ್ಟ್ ಇತ್ತು, ನೋಡಿದ್ಯಾ?"

ನೋಡಿರಲಿಲ್ಲ. ಎರಡು ರೆಸಿಸ್ಟರ್ ಹೋಗಿದ್ದವು, ಆವರೆಗೂ ಒಂದು ಸಲವೂ ಮೀಟರ್ ಇಟ್ಟಿರಲಿಲ್ಲ. 35 ಬೋರ್ಡ್ ಮೇಲೆ ಬರೆದದ್ದು, 15 ನಾನು ಅಂದುಕೊಂಡದ್ದು.

"ಕೆಪಾಸಿಟರ್ ಲೀಕ್ ಇರಬಹುದಾ?" ಅಂದೆ.

"ಸ್ವಲ್ಪ ಸ್ವಲ್ಪ ಲೀಕ್ ಆದ್ರೆ ನಿನ್ನ ರೆಸಿಸ್ಟರಿಗೆ ಏನೂ ಆಗಲ್ಲ ಕಣೋ. ಜೀನರ್ ಅಷ್ಟು ಕಮ್ಮಿ ಕುಡಿಯುತ್ತೆ ಅಷ್ಟೇ. ಸುಡ್ತಿದೆ ಅಂದ್ರೆ ಆಚೆ ಕಡೆ ಹದಿನೈದೇ ಇಲ್ಲ."

ಈ ಮಾತನ್ನು ನಾನು ಎರಡು ಸಲ ಯೋಚಿಸಬೇಕಾಯಿತು. ಜೀನರ್ 15 ವೋಲ್ಟ್ ಹಿಡಿದು ನಿಂತಿರುವಷ್ಟು ಹೊತ್ತು ಆರ್12 ಮೇಲೆ ಬೀಳುವ ವೋಲ್ಟೇಜ್ ಬದಲಾಗಲ್ಲ. ಚಿಪ್ ಜಾಸ್ತಿ ಎಳೆದರೆ ಜೀನರ್‌ಗೆ ಕಮ್ಮಿ, ಚಿಪ್ ಕಮ್ಮಿ ಎಳೆದರೆ ಜೀನರ್‌ಗೆ ಜಾಸ್ತಿ. ರೆಸಿಸ್ಟರ್‌ಗೆ ಎರಡೂ ಒಂದೇ. ಅದರ ಶಾಖ ಏರಬೇಕಾದರೆ ಒಂದೋ ಈಚೆ ತುದಿ ಮೇಲಕ್ಕೆ ಹೋಗಬೇಕು, ಇಲ್ಲವೇ ಆಚೆ ತುದಿ ಕೆಳಕ್ಕೆ ಬರಬೇಕು. ನಮ್ಮ ಕೇಸಿನಲ್ಲಿ ಎರಡೂ ಆಗಿತ್ತು, ಅದು ಆಮೇಲೆ ಗೊತ್ತಾಗಿದ್ದು.

ಎರಡನೇ ಶನಿವಾರ: ಶಾರ್ಟ್ ಹುಡುಕಿದ್ದು

ರೆಸಿಸ್ಟರ್ ಹಾಕದೆ, ಕರೆಂಟ್ ಕೊಡದೆ, ಆರ್12ನ ಆಚೆ ತುದಿಯಿಂದ ಗ್ರೌಂಡ್‌ಗೆ (ಸರ್ಕ್ಯೂಟಿನ ಸೊನ್ನೆ ವೋಲ್ಟ್ ಗೆರೆ) ಅಳೆದೆ. 0.9 ಓಮ್. ಮೀಟರ್‌ನ ಎರಡು ತುದಿ ಅದಲು ಬದಲು ಮಾಡಿದರೂ 0.9. ಬರೀ ವೈರ್ ಇದ್ದಂತೆ.

ಆ ತಂತಿಗೆ ಮೂರು ಜನ ಅಂಟಿಕೊಂಡಿದ್ದಾರೆ: ಜೀನರ್, 100 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್, ಎರಡು ಚಿಪ್‌ಗಳು. ಒಂದೊಂದಾಗಿ ಬಿಡಿಸಿದೆ. ಜೀನರ್‌ನ ಒಂದು ಕಾಲು ಎತ್ತಿದ ಕೂಡಲೇ ಶಾರ್ಟ್ ಮಾಯ. ಎತ್ತಿದ ಜೀನರ್ ಅಳೆದರೆ ಎರಡೂ ದಿಕ್ಕಿನಲ್ಲಿ 0.8. ಸತ್ತಿದೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಈ ಜೀನರ್ ಮೊದಲೇ ಸತ್ತಿತ್ತೋ, ನಾನು 68 ಓಮ್ ಹಾಕಿ ಕೊಂದೆನೋ, ಅಂತ ಖಂಡಿತವಾಗಿ ಹೇಳಲು ಈಗ ಆಗಲ್ಲ. ಚೆನ್ನಾಗಿದ್ದಿದ್ದರೂ ಆ ಮೂರು ಸೆಕೆಂಡಿನಲ್ಲಿ ಅದರ ಮೇಲೆ ನಾಲ್ಕು ವ್ಯಾಟ್‌ಗೂ ಮೇಲೆ ಬಿದ್ದಿರುತ್ತಿತ್ತು, ಅದು ಒಂದು ವ್ಯಾಟ್‌ನ ಪಾರ್ಟ್. ಮೊದಲೇ ಒಂದು ಓಮ್ ಅಳತೆ ತೆಗೆದುಕೊಂಡಿದ್ದರೆ ಗೊತ್ತಾಗಿರುತ್ತಿತ್ತು. ಸಾಕ್ಷಿ ನಾನೇ ಹಾಳು ಮಾಡಿದೆ. ಆದರೆ ಮೂಲ ಆರ್12 ಸುಮ್ಮನೆ ಸುಟ್ಟಿರಲ್ಲ. ಅದರ ಕೆಳಗಿನ ಇದ್ದಿಲು ನೋಡಿದರೆ ಜೀನರ್ ಮೊದಲೇ ಶಾರ್ಟ್ ಆಗಿತ್ತು ಅನ್ನುವ ಕಡೆಗೇ ನನ್ನ ಒಲವು.

ಬೋರ್ಡ್ ಕೆಲಸ ಇದಾದ ಮೇಲೆ. ಸುಟ್ಟ ಜಾಗವನ್ನು ಹಾಗೇ ಬಿಡಬಾರದು. ಇದ್ದಿಲು ಅಂದರೆ ಕಾರ್ಬನ್, ಅದೇ ಒಂದು ರೆಸಿಸ್ಟರ್. ಎರಡು ಪ್ಯಾಡ್‌ಗಳ ನಡುವೆ ಪಾರ್ಟ್ ಇಲ್ಲದೆ ಅಳೆದಾಗ 40 ಕಿಲೋಓಮ್ ಬಂತು. ಚಾಕುವಿನ ತುದಿಯಿಂದ ಕೆರೆದು, ಹಳೇ ಟೂತ್‌ಬ್ರಷ್‌ಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ತಿಕ್ಕಿ, ಮತ್ತೆ ಕೆರೆದೆ. ಕಂದು ಕಾಗದದ ಮೂಲ ಬಣ್ಣ ಕಾಣುವವರೆಗೆ. ನಲವತ್ತು ನಿಮಿಷ ಹೋಯಿತು, ಬೋರ್ಡ್‌ನಲ್ಲಿ ಅರ್ಧ ಮಿಲಿಮೀಟರ್ ಗುಂಡಿ ಬಿತ್ತು. ಈಗ ಮೀಟರ್ ಏನೂ ತೋರಿಸುವುದಿಲ್ಲ. ತಾಮ್ರದ ಪ್ಯಾಡ್ ಒಂದು ಎದ್ದು ಬಂದಿತ್ತು, ಅಲ್ಲಿ ಸಣ್ಣ ತಂತಿ ಹಾಕಿ ಜೋಡಿಸಿದೆ.

ಹೊಸದಾಗಿ ಹಾಕಿದ್ದು: 680 ಓಮ್ 1 ವ್ಯಾಟ್ ಮೆಟಲ್ ಆಕ್ಸೈಡ್, 15 ವೋಲ್ಟ್ 1 ವ್ಯಾಟ್ ಜೀನರ್ (1ಎನ್4744), 105 ಡಿಗ್ರಿ ಬಿಸಿ ತಾಳುವ 100 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪಾಸಿಟರ್. ಹಳೇ ಕೆಪಾಸಿಟರ್ 61 ಮೈಕ್ರೋಫ್ಯಾರಡ್‌ಗೆ ಇಳಿದಿತ್ತು. ಬಿಸಿ ರೆಸಿಸ್ಟರಿನ ಪಕ್ಕ ಅಷ್ಟು ವರ್ಷ ಕೂತರೆ ಒಣಗದೆ ಇನ್ನೇನು.

ಮಧ್ಯೆ ಒಂದು ಎಚ್ಚರಿಕೆ. ಕೆಲವು ಸರ್ಕ್ಯೂಟ್‌ಗಳಲ್ಲಿ ರೆಸಿಸ್ಟರ್ ಬೇಕಂತಲೇ ಫ್ಯೂಸ್ ಥರ ಕೆಲಸ ಮಾಡುವ ಜಾತಿಯದಾಗಿರುತ್ತದೆ: ಫ್ಯೂಸಿಬಲ್ ರೆಸಿಸ್ಟರ್. ಜಾಸ್ತಿ ಕರೆಂಟ್ ಹರಿದರೆ ಬೆಂಕಿ ಹತ್ತದೆ ಕಟ್ ಆಗುತ್ತದೆ. ಅಂಥ ಕಡೆ ದೊಡ್ಡ ವ್ಯಾಟೇಜಿನ ಮಾಮೂಲಿ ರೆಸಿಸ್ಟರ್ ಹಾಕಿದರೆ ಮುಂದಿನ ಸಲ ಅದು ಕಟ್ ಆಗಲ್ಲ, ಬೇರೆ ಏನೋ ಸುಡುತ್ತದೆ. ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬುಗಳ ಒಳಗೆ ಮೇನ್ಸ್ ಬರುವ ಕಡೆ ಇವು ಸಿಗುತ್ತವೆ. ಇಲ್ಲಿ ಆರ್13 ಮಾಮೂಲಿ ಕಾರ್ಬನ್ ಫಿಲ್ಮ್ ಆಗಿತ್ತು, ಹಾಗಾಗಿ ನನಗೆ ಆ ಚಿಂತೆ ಇರಲಿಲ್ಲ.

ಈ ಸಲ ಎರಡು ಮೀಟರ್ ಹಚ್ಚಿಕೊಂಡೇ ಆನ್ ಮಾಡಿದೆ. ಆಚೆ ತುದಿ 15.0. ಹೊಗೆ ಇಲ್ಲ. ಹಾಡು ಬಂತು! ಈಚೆ ತುದಿ ನೋಡಿದೆ.

38.3.

ಅದೇ ಸಂಜೆ: 35 ಯಾಕೆ 38 ಆಯಿತು

ಗೋಡೆಯ ಪ್ಲಗ್‌ನಲ್ಲಿ ಅಳೆದೆ: 241 ವೋಲ್ಟ್. ಸೆಟ್ 220ರದು. ಟ್ರಾನ್ಸ್‌ಫಾರ್ಮರ್ ಗೋಡೆಯಲ್ಲಿ ಏನು ಬರುತ್ತದೋ ಅದೇ ಲೆಕ್ಕದಲ್ಲಿ ಕೊಡುತ್ತದೆ. 35 × 241 ÷ 220 = 38.3. ಕೂದಲೆಳೆಯಷ್ಟೂ ತಪ್ಪಿಲ್ಲ.

ಮೂರು ವೋಲ್ಟ್ ಜಾಸ್ತಿ ಆದರೆ ಏನಾಯಿತು ಅನಿಸುತ್ತದೆ. ರೆಸಿಸ್ಟರ್ ಮೇಲೆ ಈಗ 20 ಅಲ್ಲ, 23.3 ವೋಲ್ಟ್. 23.3 × 23.3 ÷ 680 = 0.80 ವ್ಯಾಟ್. ಮೇನ್ಸ್ ಏರಿದ್ದು ಶೇಕಡ 10ರ ಹತ್ತಿರ, ರೆಸಿಸ್ಟರಿನ ಶಾಖ ಏರಿದ್ದು ಶೇಕಡ 36. ಆ ಕಡೆ 15 ಅಲುಗದೆ ನಿಂತಿರುವುದರಿಂದ ಏರಿದ್ದೆಲ್ಲ ರೆಸಿಸ್ಟರಿನ ತಲೆಗೇ ಬೀಳುತ್ತದೆ, ಜೊತೆಗೆ ಅದು ವರ್ಗವಾಗಿ ಗುಣಿಸಿಕೊಳ್ಳುತ್ತದೆ.

0.8 ಒಂದಕ್ಕಿಂತ ಕಮ್ಮಿ ತಾನೇ, ಬಿಡು ಅಂತ ನನಗೂ ಅನಿಸಿತು. ಹಾಗೇ ಮುಚ್ಚಳ ಮುಚ್ಚಿ, ಮೀಟರಿನ ಟೆಂಪರೇಚರ್ ವೈರನ್ನು ಬಿಸಿ ತಡೆಯುವ ಕ್ಯಾಪ್ಟಾನ್ ಟೇಪಿನಿಂದ ರೆಸಿಸ್ಟರ್ ಮೈಗೆ ಅಂಟಿಸಿ ನಲವತ್ತು ನಿಮಿಷ ಹಾಡು ಹಾಕಿದೆ. ರೆಸಿಸ್ಟರ್ 118 ಡಿಗ್ರಿ. ಡಬ್ಬಿಯ ಒಳಗಿನ ಗಾಳಿ 41. ಪಕ್ಕದ ಜೀನರ್‌ನ ಕಾಲು 90 ದಾಟಿತ್ತು. ನೀರು ಕುದಿಯುವುದಕ್ಕಿಂತ ಬಿಸಿಯಾಗಿರುವ ಒಂದು ಕಡ್ಡಿ, ಬೋರ್ಡ್‌ಗೆ ಅಂಟಿಕೊಂಡು, ವರ್ಷಗಟ್ಟಲೆ. ಆರ್13ರ ಕೆಳಗೂ ಬೋರ್ಡ್ ಕಂದಾಗಿದ್ದನ್ನು ಆಗ ಗಮನಿಸಿದೆ. ಅದರ ಬೆಸುಗೆ ಮಂಕಾಗಿ, ಕಾಲಿನ ಸುತ್ತ ಉಂಗುರದಂತೆ ಬಿರುಕು ಬಿಟ್ಟಿತ್ತು. ಅದೂ ಸರತಿಯಲ್ಲಿ ನಿಂತಿತ್ತು.

ರೆಸಿಸ್ಟರಿನ ಮೇಲೆ ಬರೆದ ವ್ಯಾಟ್ ಅನ್ನು ಡೇಟಾಶೀಟ್‌ನಲ್ಲಿ ನೋಡಿದರೆ ಒಂದು ಗೆರೆ ಇರುತ್ತದೆ: ಸಾಮಾನ್ಯವಾಗಿ ಸುತ್ತಲಿನ ಗಾಳಿ 70 ಡಿಗ್ರಿ ಇರುವವರೆಗೆ ಪೂರ್ತಿ ವ್ಯಾಟ್, ಅಲ್ಲಿಂದ ಮುಂದೆ ಇಳಿಯುತ್ತ ಹೋಗಿ, ಕಾರ್ಬನ್ ಫಿಲ್ಮ್‌ಗೆ 155ರ ಸುಮಾರಿಗೆ ಸೊನ್ನೆ. ಅಂದರೆ ಪೂರ್ತಿ ವ್ಯಾಟ್ ಹಾಕಿದರೆ ಬದುಕುತ್ತದೆ, ಆದರೆ ಪಕ್ಕದವರನ್ನೆಲ್ಲ ಬೇಯಿಸಿಕೊಂಡು ಬದುಕುತ್ತದೆ. ಇಲ್ಲಿ ಮೊದಲು ಸತ್ತದ್ದು ಪಕ್ಕದ ಜೀನರ್ ಇರಬೇಕು. ಅದು ಶಾರ್ಟ್ ಆದ ಮೇಲೆ 38.3 ವೋಲ್ಟ್ ಪೂರ್ತಿ ಆರ್12 ಮೇಲೆ. 2.16 ವ್ಯಾಟ್. ಒಂದು ವ್ಯಾಟ್‌ನ ಕಾರ್ಬನ್ ಫಿಲ್ಮ್‌ಗೆ ಎರಡು ಪಟ್ಟು, ಕ್ಷಣದಲ್ಲಿ ಹಾರಿಹೋಗುವಷ್ಟೂ ಅಲ್ಲ, ತಡೆಯುವಷ್ಟೂ ಅಲ್ಲ. ಅಂಥ ಹೊರೆಯಲ್ಲೇ ಬೋರ್ಡ್ ಇದ್ದಿಲಾಗುವುದು, ನಿಧಾನವಾಗಿ ಬೇಯುತ್ತ.

ಎರಡನೇ ಭಾನುವಾರ: ದೊಡ್ಡದು ಹಾಕಿ ನೋಡಿದ್ದು, ಆಮೇಲೆ ಎರಡು ಹಾಕಿದ್ದು

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. 680 ಓಮ್, 5 ವ್ಯಾಟ್ ಸಿಮೆಂಟ್ ರೆಸಿಸ್ಟರ್. ಇನ್ನು ಜನ್ಮದಲ್ಲಿ ಸುಡಲ್ಲ ಅಂತ.

ಮೈ ಬಿಸಿ 78 ಡಿಗ್ರಿಗೆ ಇಳಿಯಿತು, ನಿಜ. ಡಬ್ಬಿಯ ಒಳಗಿನ ಗಾಳಿ? ಅದೇ 41. 5 ವ್ಯಾಟ್ ಅಂತ ಬರೆದ ಮಾತ್ರಕ್ಕೆ ಶಾಖ ಕಮ್ಮಿ ಹುಟ್ಟಲ್ಲ, 0.80 ಅಂದರೆ 0.80ನೇ. ಮೈ ದೊಡ್ಡದಾದ್ದರಿಂದ ಹರಡಿಕೊಳ್ಳುತ್ತದೆ ಅಷ್ಟೇ. ಅದಕ್ಕಿಂತ ದೊಡ್ಡ ಎಡವಟ್ಟು: ಆ ಇಟ್ಟಿಗೆಯಂಥ ದೇಹ ಹೊಸ ಕೆಪಾಸಿಟರಿಗೆ ಒರಗಿಕೊಂಡು ಕೂತಿತು. ಕೆಪಾಸಿಟರಿನ ಮೈ 62 ಡಿಗ್ರಿ. ಇನ್ನೈದು ವರ್ಷಕ್ಕೆ ಅದನ್ನೂ ಬದಲಾಯಿಸಬೇಕಾಗುತ್ತಿತ್ತು. ತೆಗೆದೆ.

ಶಾಖ ಹುಟ್ಟುವುದನ್ನೇ ಕಮ್ಮಿ ಮಾಡಬೇಕಿತ್ತು. ಅಷ್ಟು ಕರೆಂಟ್ ಯಾರಿಗೆ ಬೇಕು ಅಂತ ಅಳೆದೆ. ಜೀನರ್‌ನ ಕಾಲಿನಲ್ಲಿ ಮಿಲಿಆಂಪ್ ಮೀಟರ್ ಇಟ್ಟರೆ 28. ಆರ್12ರಲ್ಲಿ ಹರಿಯುವುದು ಒಟ್ಟು 34. ಎರಡು ಚಿಪ್ ಸೇರಿ ತಿನ್ನುವುದು 6 ಅಷ್ಟೇ. ಉಳಿದ 28 ಮಿಲಿಆಂಪ್ ಸುಮ್ನೆ ಜೀನರ್‌ನಲ್ಲಿ ಬಿಸಿಯಾಗಿ ಹೋಗುತ್ತಿದೆ. ಜೀನರ್ ಸ್ಥಿರವಾಗಿ ನಿಲ್ಲಲು ಐದಾರು ಮಿಲಿಆಂಪ್ ಸಾಕು.

680ರ ಬದಲು 560 ಓಮ್‌ನ ಎರಡನ್ನು ಸಾಲಾಗಿ ಹಾಕಿದೆ, ತಲಾ 1 ವ್ಯಾಟ್. ಒಟ್ಟು 1120 ಓಮ್. 23.3 ÷ 1120, ಅಂದರೆ 20.8 ಮಿಲಿಆಂಪ್. ಎರಡೂ ಸೇರಿ 0.48 ವ್ಯಾಟ್, ಒಂದೊಂದರ ಮೇಲೆ 0.24. ಬರೆದದ್ದರ ಕಾಲು ಭಾಗ.

ಬೋರ್ಡ್‌ನಲ್ಲಿ ಒಂದಕ್ಕೇ ಜಾಗ ಇರುವುದು. ಎರಡನ್ನೂ ಗುಡಾರದ ಕೋಲಿನಂತೆ ನಿಲ್ಲಿಸಿ ಮೇಲೆ ಬೆಸೆದೆ. ಕೆಳಗೆ ಎಂಟು ಮಿಲಿಮೀಟರ್ ಕಾಲು ಬಿಟ್ಟು, ಮೈ ಬೋರ್ಡ್‌ಗೆ ತಾಗದಂತೆ. ಮೇಲಿನ ಬೆತ್ತಲೆ ಕೀಲಿಗೆ ಗ್ಲಾಸ್ ಫೈಬರ್ ತೋಳು ತೊಡಿಸಿದೆ. ಮೊದಲು ಮಾಮೂಲಿ ಪ್ಲಾಸ್ಟಿಕ್ ತೋಳು ಹಾಕಿದ್ದೆ, ಬೆಸೆಯುವಾಗಲೇ ಕುಗ್ಗಿ ಮುದುಡಿತು. ಜೀನರ್‌ನ ಕಾಲುಗಳನ್ನೂ ಉದ್ದ ಬಿಟ್ಟು ಎತ್ತರಕ್ಕೆ ಕೂರಿಸಿದೆ. ಆರ್13ಕ್ಕೂ ಇದೇ ಚಿಕಿತ್ಸೆ. ಅದರ ಬಿರುಕು ಬಿಟ್ಟ ಬೆಸುಗೆಯನ್ನು ಪೂರ್ತಿ ಹೀರಿ ತೆಗೆದು ಹೊಸದಾಗಿ ಹಾಕಿದೆ.

ನಲವತ್ತು ನಿಮಿಷದ ನಂತರ: 61 ಮತ್ತು 59 ಡಿಗ್ರಿ. ಜೀನರ್ ಮೇಲೆ 0.22 ವ್ಯಾಟ್, ಮೊದಲಿನ ಅರ್ಧ. ಬೆರಳಿಟ್ಟರೆ ಎರಡು ಮೂರು ಸೆಕೆಂಡ್ ತಡೆದುಕೊಳ್ಳಬಹುದು. ಹಿಂದಿನ ದಿನ ಇದೇ ಜಾಗದಲ್ಲಿ ಬೆರಳಿಟ್ಟಿದ್ದರೆ ಬೊಬ್ಬೆ ಬರುತ್ತಿತ್ತು. (ಇದು 38 ವೋಲ್ಟ್‌ನ ಜಾಗ, ಆರಿಸಿದ ಮೇಲೆ ಮುಟ್ಟಿದ್ದು. ಮೇನ್ಸ್ ಹತ್ತಿರ ಇಂಥ ಬೆರಳ ಪರೀಕ್ಷೆ ಬೇಡವೇ ಬೇಡ.)

ಹೋದ ಸಾಮಾನು: 68 ಓಮ್ ಒಂದು, 680 ಓಮ್ ಅರ್ಧ ವ್ಯಾಟ್ ಒಂದು. ಬಳಸದೆ ಉಳಿದದ್ದು ಒಂದು ಸಿಮೆಂಟ್ ಇಟ್ಟಿಗೆ ಮತ್ತು ಒಂದು 680 ಮೆಟಲ್ ಆಕ್ಸೈಡ್. ಸೆಟ್‌ನಲ್ಲಿ ಕೂತದ್ದು 560 ಓಮ್ ನಾಲ್ಕು, ಜೀನರ್ ಎರಡು (ಮೈನಸ್ ಕಡೆಯದನ್ನೂ ಬದಲಾಯಿಸಿದೆ), ಕೆಪಾಸಿಟರ್ ಎರಡು.

ಭಾನುವಾರ ರಾತ್ರಿ: ಮುಚ್ಚಳ ಹಾಕುವಾಗ

ಹಿಂದಿನ ಸ್ಕ್ರೂ ಹಾಕುವ ಮುಂಚೆ ಬಟ್ಟೆ ತೆಗೆದುಕೊಂಡು ಧೂಳು ಒರೆಸಿದೆ. '220' ಅನ್ನುವ ಅಂಕಿ ಮುದ್ರಿಸಿದ್ದಲ್ಲ. ಅದು ಒಂದು ಸಣ್ಣ ಕಿಟಕಿ. ಕಿಟಕಿಯ ಪಕ್ಕ ನಾಣ್ಯದಿಂದ ತಿರುಗಿಸುವಂಥ ಒಂದು ಸೀಳು. ತಿರುಗಿಸಿದರೆ ಕಿಟಕಿಯಲ್ಲಿ '240' ಬಂತು.

ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಪ್ಲಗ್ ಕಿತ್ತು, 240ಕ್ಕೆ ಇಟ್ಟು, ಮತ್ತೆ ಮುಚ್ಚಳ ತೆಗೆದು ಅಳೆದೆ. ದೊಡ್ಡ ಕೆಪಾಸಿಟರ್ ಮೇಲೆ 35.1. ಬೋರ್ಡ್ ಮೇಲೆ ಅಚ್ಚಾಗಿದ್ದ 35 ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಈಗ ಎರಡು 560ಗಳಲ್ಲಿ 17.9 ಮಿಲಿಆಂಪ್, ಒಂದೊಂದರ ಮೇಲೆ 0.18 ವ್ಯಾಟ್, 53 ಡಿಗ್ರಿ.

ಹಾಗಾದರೆ 680ಕ್ಕೇ ವಾಪಸ್ ಹೋಗಬೇಕಾ ಅಂತ ಒಮ್ಮೆ ಲೆಕ್ಕ ಹಾಕಿದೆ. ಗೋಡೆಯಲ್ಲಿ 200 ವೋಲ್ಟ್‌ಗೆ ಇಳಿದರೂ ಒಳಗೆ 29.2 ಇರುತ್ತದೆ, 1120 ಓಮ್‌ನಲ್ಲಿ 12.7 ಮಿಲಿಆಂಪ್ ಬರುತ್ತದೆ, ಚಿಪ್‌ಗೆ 6 ಹೋಗಿ ಜೀನರ್‌ಗೆ ಆರೂವರೆ ಉಳಿಯುತ್ತದೆ. ಸಾಕು. 560ಗಳನ್ನೇ ಬಿಟ್ಟೆ.

ಸೆಟ್ ಕೊಡಲು ಹೋದಾಗ ಚಿಕ್ಕಪ್ಪನಿಗೆ ಆ ಕಿಟಕಿ ತೋರಿಸಿ, ಇದನ್ನು ಯಾರು 220ಕ್ಕೆ ತಿರುಗಿಸಿದ್ದು ಅಂತ ಕೇಳಿದೆ.

"ಅದಾ? ನಾನೇ ಕಣೋ. ಸೌಂಡ್ ಕಮ್ಮಿ ಅನ್ನಿಸ್ತಿತ್ತು, ಅದಕ್ಕೆ ತಿರುಗಿಸಿದ್ದೆ. ಈಗ್ಲೂ ಸ್ವಲ್ಪ ಕಮ್ಮಿನೇ ಅನ್ಸುತ್ತೆ, ಅಲ್ವಾ?"